ಕ್ಷ-ಕಿರಣ ತಂತ್ರವಿದ್ಯೆ ಮತ್ತು ಘಟ್ಟದ ಮೇಲಿನ ನಾಲ್ಕು ತಾಲೂಕುಗಳು

ವೈದ್ಯನ ಕಣ್ಣು ಚರ್ಮದವರೆಗೆ ಮಾತ್ರ ಹೋಗುತ್ತಿದ್ದ ಕಾಲವೊಂದಿತ್ತು. ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕಿವಿಗೊಟ್ಟು ಒಳಗಿನ ಸ್ಥಿತಿಯನ್ನು ಊಹಿಸುವುದೇ ಅಂದಿನ ವಿದ್ಯೆಯಾಗಿತ್ತು. ಮರದಿಂದ ಬಿದ್ದವನ ಕಾಲನ್ನು ತಡವಿ ನೋಡಿ, ಎಲುಬು ಮುರಿದಿದೆಯೋ ಬರಿದೆ ಉಳುಕಿದೆಯೋ ಎಂದು ಹೇಳುವ ಅನುಭವಿಗಳು ಹಳ್ಳಿಗಳಲ್ಲಿ ಇದ್ದರು. ಅವರ ಬೆರಳುಗಳ ಜಾಣ್ಮೆ ಸಾಮಾನ್ಯವಾದುದಲ್ಲ. ಆದರೆ ಬೆರಳಿಗೂ ನಿಲುಕದ ಸಣ್ಣ ಬಿರುಕು, ಎದೆಯೊಳಗೆ ಸದ್ದಿಲ್ಲದೆ ಹರಡುವ ಕ್ಷಯ, ಮಗುವಿನ ಗಂಟಲಿಗಿಳಿದ ನಾಣ್ಯ ಇವುಗಳನ್ನು ಕಣ್ಣಾರೆ ಕಾಣುವ ಶಕ್ತಿ ಮನುಷ್ಯನಿಗೆ ಲಭಿಸಿದುದು ಕ್ಷ-ಕಿರಣದಿಂದ.

ಇಂದು ಸಣ್ಣ ಪಟ್ಟಣಗಳಲ್ಲಿಯೂ ಕ್ಷ-ಕಿರಣ ಯಂತ್ರ ಅಪರೂಪದ ವಸ್ತುವಾಗಿ ಉಳಿದಿಲ್ಲ. ಆದರೆ ಯಂತ್ರ ತಾನಾಗಿ ನೋಡಲಾರದು. ಎಲ್ಲಿ ನೋಡಬೇಕು, ಯಾವ ಕೋನದಿಂದ ನೋಡಬೇಕು, ಎಷ್ಟು ಕಿರಣ ಸಾಕು ಎಂಬುದನ್ನು ಗೊತ್ತುಮಾಡುವವನು ಯಂತ್ರದ ಹಿಂದೆ ನಿಂತ ತಂತ್ರಜ್ಞ. ವೈದ್ಯರು ಚಿತ್ರವನ್ನು ಓದುತ್ತಾರೆ; ಚಿತ್ರವನ್ನು ಬರೆಯುವವನು ಆತ. ಬರೆದುದೇ ತಪ್ಪಾದರೆ ಓದಿದ್ದು ಸರಿಯಾಗುವುದೆಂತು? ಈ ತಂತ್ರಜ್ಞನ ವಿದ್ಯೆ ಎಂತಹುದು, ಅದನ್ನು ಕಲಿಯುವ ಹಾದಿ ಯಾವುದು, ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಿಗೆ ಅದರಿಂದ ಆಗಬೇಕಾದ ಪ್ರಯೋಜನವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಾಲ್ಕು ತಾಲೂಕುಗಳ ಬಗೆ

ಈ ನಾಲ್ಕೂ ತಾಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೊಂದರ ಬಗೆ ಒಂದೊಂದು. ಕಾಳಿ ನದಿಯ ದಂಡೆಯ ದಾಂಡೇಲಿ, 1950ರ ದಶಕದಲ್ಲಿ ಕಾಗದದ ಕಾರ್ಖಾನೆಯೊಡನೆ ಬೆಳೆದ ಊರು; ದುಡಿಮೆಯನ್ನು ಅರಸಿ ನಾನಾ ಪ್ರಾಂತಗಳಿಂದ ಬಂದವರ ಮನೆಗಳು ಅಲ್ಲಿವೆ. ಹಳಿಯಾಳ ಭತ್ತ, ಕಬ್ಬುಗಳ ಸೀಮೆ. ಅದರ ಮುಖ ಧಾರವಾಡದ ಕಡೆಗೆ. ಜೋಯಿಡಾ ಹಿಂದೆ ಸೂಪಾ ತಾಲೂಕೆಂದು ಹೆಸರಾಗಿತ್ತು. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ದಟ್ಟ ಕಾಡಿನ ನಡುವೆ ಚದುರಿದ ಕುಣಬಿ ಜನರ ಹಳ್ಳಿಗಳು ಆ ತಾಲೂಕಿನ ವಿಶೇಷ. ಮುಂಡಗೋಡದ ಬಳಿ 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಸ್ಥಾಪಿತವಾಯಿತು. ಡ್ರೆಪುಂಗ್, ಗಾಂದೆನ್ ಎಂಬ ಅವರ ಹೆಸರಾಂತ ವಿಹಾರಗಳು ಅಲ್ಲಿಯೇ ಮರುಹುಟ್ಟು ಪಡೆದವು. ಇವೆಲ್ಲದರ ನಡುವೆ ಸಿದ್ದಿ ಜನಾಂಗದ ಕೇರಿಗಳೂ ಹರಡಿಕೊಂಡಿವೆ.

ಜಿಲ್ಲೆಯ ಮುಖ್ಯ ಸ್ಥಳವಾದ ಕಾರವಾರ ಘಟ್ಟದ ಕೆಳಗೆ, ಸಮುದ್ರದ ದಡದಲ್ಲಿದೆ. ಆದುದರಿಂದ ಘಟ್ಟದ ಮೇಲಿನವರಿಗೆ ಕಾಯಿಲೆ ಬಿಗಡಾಯಿಸಿದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ದಾರಿಯೇ ರೂಢಿಯಾಗಿದೆ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ 2019ರಲ್ಲಿಯೂ 2022ರಲ್ಲಿಯೂ ಗಟ್ಟಿಯಾಗಿ ಕೇಳಿಬಂದುದನ್ನು ಜಿಲ್ಲೆಯವರು ಮರೆತಿಲ್ಲ. ಅಂಥ ಆಸ್ಪತ್ರೆ ಬರಲಿ, ಬಾರದಿರಲಿ, ಹತ್ತಿರದ ದವಾಖಾನೆಯಲ್ಲಿ ತೆಗೆದ ಮೊದಲ ಚಿತ್ರದ ಮೇಲೆಯೇ ರೋಗಿಯ ಮುಂದಿನ ದಾರಿ ನಿಶ್ಚಯವಾಗುತ್ತದೆ. ಜೋಯಿಡೆಯ ಒಳಹಳ್ಳಿಯ ಕೂಲಿಕಾರನೊಬ್ಬ ಎರಡು ಬಸ್ಸು ಬದಲಿಸಿ ಬಂದು ತೆಗೆಸಿಕೊಂಡ ಚಿತ್ರ ಮಸುಕಾಗಿದ್ದರೆ ಆತನ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು. ಎಷ್ಟೋ ಸಲ ಮತ್ತೆ ಬರುವ ಮನಸ್ಸೂ ಹೋಯಿತು. ಪಟ್ಟಣದಲ್ಲಿ ಕೆಟ್ಟ ಚಿತ್ರವೆಂದರೆ ಅರ್ಧ ತಾಸಿನ ನಷ್ಟ. ಕಾಡಿನ ಅಂಚಿನಲ್ಲಿ ಅದು ಚಿಕಿತ್ಸೆಯೇ ತಪ್ಪಿಹೋಗಲು ಕಾರಣವಾಗಬಹುದು.

ಕಿರಣದ ಕಥೆ

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರು ಗಾಳಿ ತೆಗೆದ ಗಾಜಿನ ನಳಿಕೆಯೊಂದರಲ್ಲಿ ವಿದ್ಯುತ್ತನ್ನು ಹರಿಸಿ ಪ್ರಯೋಗ ನಡೆಸಿದ್ದರು. ನಳಿಕೆಯನ್ನು ಕಪ್ಪು ರಟ್ಟಿನಿಂದ ಮುಚ್ಚಿದ್ದರೂ ದೂರದಲ್ಲಿದ್ದ ರಾಸಾಯನಿಕ ಲೇಪದ ಪರದೆಯೊಂದು ಹೊಳೆಯತೊಡಗಿತು. ಕಾಣದ ಯಾವುದೋ ಕಿರಣ ರಟ್ಟನ್ನು ಭೇದಿಸಿ ಬರುತ್ತಿದೆಯೆಂದು ಅವರು ತರ್ಕಿಸಿದರು. ಬೀಜಗಣಿತದಲ್ಲಿ ತಿಳಿಯದ ಪರಿಮಾಣಕ್ಕೆ ‘ಎಕ್ಸ್’ ಎನ್ನುವಂತೆ ಅದಕ್ಕೆ ಎಕ್ಸ್-ಕಿರಣವೆಂದು ಹೆಸರಿಟ್ಟರು; ಕನ್ನಡದಲ್ಲಿ ಆ ಅಕ್ಷರದ ಸ್ಥಾನದಲ್ಲಿ ‘ಕ್ಷ’ ನಿಂತಿತು. ಅದೇ ಡಿಸೆಂಬರ್ 22ರಂದು ಅವರು ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದರು. ಬೆರಳುಗಳ ಎಲುಬು, ಒಂದು ಬೆರಳಿನಲ್ಲಿ ಉಂಗುರ, ಸುತ್ತಲೂ ಮಾಂಸದ ತೆಳುನೆರಳು. ಜಗತ್ತು ಬೆರಗಾಯಿತು.

ರಾಂಟ್‌ಜೆನ್ನರಿಗೆ 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಬಂದಿತು. ಅದರ ಹಣವನ್ನು ಅವರು ತಮ್ಮ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲೂ ಒಪ್ಪಲಿಲ್ಲ. ಆ ಕಿರಣ ಇಷ್ಟು ಬೇಗ ಲೋಕದ ಆಸ್ಪತ್ರೆಗಳನ್ನು ಮುಟ್ಟಿದುದಕ್ಕೆ ಅವರ ಈ ನಿರ್ಲೋಭವೂ ಒಂದು ಕಾರಣ.

ಕಿರಣದ ಇನ್ನೊಂದು ಮುಖವೂ ಬೇಗನೆ ಪ್ರಕಟವಾಯಿತು. ಅಮೆರಿಕದ ಥಾಮಸ್ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ, ಯಂತ್ರಗಳನ್ನು ಪರೀಕ್ಷಿಸುವಾಗ ತನ್ನ ಕೈಗಳನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿದ್ದ. ಮೊದಲು ಸುಟ್ಟ ಗಾಯ, ಅನಂತರ ಅರ್ಬುದ. ಕೈಗಳನ್ನು ಕತ್ತರಿಸಿದರೂ ಜೀವ ಉಳಿಯಲಿಲ್ಲ. 1904ರಲ್ಲಿ ಆತ ತೀರಿಕೊಂಡ. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟರು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ಮೋಟಾರುಗಾಡಿಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನಿರಿಸಿ ಯುದ್ಧರಂಗದ ಗಾಯಾಳುಗಳ ಬಳಿಗೆ ಒಯ್ದರು. ಯಂತ್ರಗಳನ್ನು ಒದಗಿಸಿದ ಮಾತ್ರಕ್ಕೆ ಅವರು ತೃಪ್ತರಾಗಲಿಲ್ಲ; ಅವುಗಳನ್ನು ನಡೆಸಲು ಸುಮಾರು 150 ಮಂದಿ ಮಹಿಳೆಯರಿಗೆ ತರಬೇತಿಯನ್ನೂ ಕೊಡಿಸಿದರು. ಯಂತ್ರ ಒಂದು, ಅದನ್ನು ಬಲ್ಲ ಕೈ ಇನ್ನೊಂದು ಎಂಬ ಮಾತು ಅಂದೇ ಸ್ಪಷ್ಟವಾಗಿತ್ತು.

ಯಂತ್ರದ ಒಳಗೆ

ಪ್ರೌಢಶಾಲೆಯ ವಿಜ್ಞಾನವನ್ನು ಮನಸ್ಸಿಟ್ಟು ಕಲಿತ ವಿದ್ಯಾರ್ಥಿಗೆ ಈ ಯಂತ್ರದ ತತ್ತ್ವ ಕಠಿಣವಲ್ಲ. ಗಾಳಿ ತೆಗೆದ ನಳಿಕೆಯ ಒಂದು ತುದಿಯಲ್ಲಿ ಸಣ್ಣ ತಂತಿಯೊಂದಿದೆ. ಅದನ್ನು ಕಾಯಿಸಿದಾಗ ಎಲೆಕ್ಟ್ರಾನುಗಳು ಹೊರಹೊಮ್ಮುತ್ತವೆ. ಹತ್ತಾರು ಸಾವಿರ ವೋಲ್ಟುಗಳ ಒತ್ತಡದಿಂದ ಅವು ಎದುರಿನ ಟಂಗ್‌ಸ್ಟನ್ ಲೋಹದ ಫಲಕಕ್ಕೆ ಬಡಿಯುತ್ತವೆ. ಆ ಬಡಿತದ ಶಕ್ತಿಯಲ್ಲಿ ನೂರಕ್ಕೆ ಸುಮಾರು 99 ಪಾಲು ಶಾಖವಾಗಿ ಹೋಗುತ್ತದೆ. ಉಳಿದ ಸುಮಾರು ಒಂದು ಪಾಲು ಮಾತ್ರ ಕ್ಷ-ಕಿರಣವಾಗುತ್ತದೆ. 3,400 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಟಂಗ್‌ಸ್ಟನ್ನನ್ನು ಆರಿಸಿರುವುದೂ, ಫಲಕವನ್ನು ವೇಗವಾಗಿ ತಿರುಗಿಸುವುದೂ ಈ ಶಾಖವನ್ನು ತಾಳಿಕೊಳ್ಳಲೆಂದೇ.

ತಂತ್ರಜ್ಞನ ಕೈಯಲ್ಲಿ ಮೂರು ಮುಖ್ಯ ಹಿಡಿತಗಳಿವೆ. ಕಿಲೋವೋಲ್ಟ್ ಎಂಬುದು ಕಿರಣದ ತೂರುವ ಶಕ್ತಿಯನ್ನು ನಿಯಂತ್ರಿಸುತ್ತದೆ. ಮಿಲಿಯಾಂಪಿಯರ್ ಮತ್ತು ಕಾಲ ಇವೆರಡೂ ಕೂಡಿ ಕಿರಣದ ಪ್ರಮಾಣವನ್ನು ನಿಶ್ಚಯಿಸುತ್ತವೆ. ಅಂಗೈಗೆ ಸಾಕಾಗುವ 50 ಕಿಲೋವೋಲ್ಟಿನ ಆಸುಪಾಸಿನ ಒತ್ತಡ ಬೆನ್ನೆಲುಬಿಗೆ ಸಾಲದು. ಇನ್ನು 100 ಮಿಲಿಯಾಂಪಿಯರನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಹರಿಸಿದರೂ, 200 ಮಿಲಿಯಾಂಪಿಯರನ್ನು ಇಪ್ಪತ್ತನೆಯ ಒಂದು ಭಾಗ ಹರಿಸಿದರೂ ಗುಣಲಬ್ಧ 10 ಮಿಲಿಯಾಂಪಿಯರ್-ಸೆಕೆಂಡೇ. ಲೆಕ್ಕದಲ್ಲಿ ಎರಡೂ ಸಮ. ಆದರೆ ಅಳುವ ಮಗುವಿಗೂ ಉಬ್ಬಸದ ಮುದುಕನಿಗೂ ಎರಡನೆಯದೇ ಹಿತ. ಕಾಲ ಕಡಿಮೆಯಾದಷ್ಟೂ ಅಲುಗಾಟದ ಮಸುಕು ಕಡಿಮೆ. ಹೀಗೆ ಒಂದು ಸಾಮಾನ್ಯ ಗುಣಾಕಾರ ರೋಗಿಯ ಮುಖ ನೋಡಿ ಮಾಡುವ ತೀರ್ಮಾನವಾಗುತ್ತದೆ.

ದೂರದ ನಿಯಮವೂ ಇದೇ ರೀತಿ. ಕಿರಣದ ಮೂಲದಿಂದ ಒಂದು ಮೀಟರ್ ದೂರದಲ್ಲಿರುವ ತೀವ್ರತೆ ಎರಡು ಮೀಟರಿಗೆ ಕಾಲುಭಾಗವಾಗುತ್ತದೆ, ಮೂರು ಮೀಟರಿಗೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೂರದ ವರ್ಗಕ್ಕೆ ವಿಲೋಮವಾಗಿ ಎಂದು ಕರಿಹಲಗೆಯ ಮೇಲೆ ಬರೆಯುವ ಸೂತ್ರ ಇಲ್ಲಿ ತಂತ್ರಜ್ಞನ ಶರೀರವನ್ನೇ ಕಾಯುತ್ತದೆ.

ಒಂದು ಚಿತ್ರದ ಹಿಂದಿನ ವಿವೇಕ

ಕ್ಷ-ಕಿರಣದ ಚಿತ್ರವೆಂದರೆ ನೆರಳು. ದೀಪದ ಮುಂದೆ ಕೈ ಹಿಡಿದಾಗ ಗೋಡೆಯ ಮೇಲೆ ಬೀಳುವ ನೆರಳು ಕೈಯ ನಿಲುವಿನಂತೆ ಬದಲಾಗುವ ಹಾಗೆ, ಶರೀರದ ನಿಲುವಿನಂತೆ ಚಿತ್ರವೂ ಬದಲಾಗುತ್ತದೆ. ಮುರಿದ ಎಲುಬಿನ ತುಂಡುಗಳು ಒಂದರ ಹಿಂದೊಂದು ನಿಂತಿದ್ದರೆ ಮುಂದಿನಿಂದ ತೆಗೆದ ಚಿತ್ರದಲ್ಲಿ ಎಲುಬು ಇಡಿಯಾಗಿಯೇ ಕಾಣಬಹುದು. ಪಕ್ಕದಿಂದ ತೆಗೆದಾಗ ಮಾತ್ರ ಸತ್ಯ ತಿಳಿಯುತ್ತದೆ. ಆದುದರಿಂದಲೇ ಒಂದಕ್ಕೊಂದು ಲಂಬವಾದ ಎರಡು ನೋಟಗಳು ಬೇಕು, ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಚಿತ್ರದಲ್ಲಿ ಬರಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಬಲ, ಎಡಗಳನ್ನು ತೋರಿಸುವ ಸೀಸದ ಗುರುತನ್ನು ಇಡಲು ಮರೆತರೆ ಸರಿಯಾದ ಚಿತ್ರವೂ ಅನರ್ಥಕ್ಕೆ ಕಾರಣವಾದೀತು.

ಎದೆಯ ಚಿತ್ರವನ್ನು ಸಾಮಾನ್ಯವಾಗಿ ಬೆನ್ನ ಕಡೆಯಿಂದ ಕಿರಣ ಬಿಟ್ಟು, ಎದೆಯನ್ನು ಫಲಕಕ್ಕೆ ಒತ್ತಿನಿಲ್ಲಿಸಿ, ಸುಮಾರು 180 ಸೆಂಟಿಮೀಟರ್ ದೂರದಿಂದ ತೆಗೆಯುತ್ತಾರೆ. ಹೃದಯ ಎದೆಯ ಮುಂಭಾಗದಲ್ಲಿದೆ. ಅದು ಫಲಕಕ್ಕೆ ಹತ್ತಿರವಾದಷ್ಟೂ, ಕಿರಣದ ಮೂಲ ದೂರವಾದಷ್ಟೂ ಅದರ ನೆರಳು ನಿಜವಾದ ಗಾತ್ರಕ್ಕೆ ಸಮೀಪವಾಗುತ್ತದೆ. ಈ ಕಾರಣವನ್ನರಿಯದೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಆರೋಗ್ಯವಂತನ ಹೃದಯವೂ ಊದಿದಂತೆ ಕಂಡೀತು. ಉಸಿರನ್ನು ತುಂಬ ಎಳೆದುಕೊಳ್ಳದಿದ್ದರೆ ಪುಪ್ಪುಸದ ಕೆಳಭಾಗ ಒತ್ತಿಕೊಂಡು, ಇಲ್ಲದ ರೋಗದ ನೆರಳು ಮೂಡೀತು, ಇದ್ದ ರೋಗ ಮರೆಯಾದೀತು.

ಹಿಂದೆ ಚಿತ್ರವನ್ನು ಫಿಲ್ಮಿನ ಮೇಲೆ ತೆಗೆದು, ಕತ್ತಲೆಕೋಣೆಯಲ್ಲಿ ಮಂದವಾದ ಕೆಂಪು ಬೆಳಕಿನಲ್ಲಿ ಡೆವಲಪರ್, ಹೈಪೋ ದ್ರಾವಣಗಳಲ್ಲಿ ಅದ್ದಿ, ತೊಳೆದು, ಒಣಗಿಸುತ್ತಿದ್ದರು. ಈಗ ಬಹುಮಟ್ಟಿಗೆ ಕಂಪ್ಯೂಟರಿನ ಪರದೆ ಬಂದಿದೆ. ಇದರಿಂದ ಕೆಲಸ ಸುಲಭವಾಯಿತೆಂಬುದು ನಿಜ. ಆದರೆ ವಿದ್ಯೆ ಬೇಡವಾಯಿತೆಂದು ತಿಳಿಯುವುದು ತಪ್ಪು. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ, ತಪ್ಪು ತಾನೇ ಬಯಲಾಗುತ್ತಿತ್ತು. ಕಂಪ್ಯೂಟರ್ ಬೆಳಕು ಕತ್ತಲೆಗಳನ್ನು ತಾನೇ ಸರಿಪಡಿಸುವುದರಿಂದ, ಬೇಕಾದುದಕ್ಕಿಂತ ಹೆಚ್ಚು ಕಿರಣ ಬಿಟ್ಟರೂ ಚಿತ್ರ ಚೆಂದವಾಗಿಯೇ ಕಾಣುತ್ತದೆ. ತಪ್ಪು ರೋಗಿಯ ಮೈಯಲ್ಲಿ ಉಳಿಯುತ್ತದೆ, ಪರದೆಯ ಮೇಲೆ ಕಾಣುವುದಿಲ್ಲ. ಅಲ್ಲಿ ಕಾವಲಿರುವುದು ಕಲಿತ ತಂತ್ರಜ್ಞನ ಮನಸ್ಸಾಕ್ಷಿಯೇ.

ರೋಗಿಯ ಭಾಷೆ

ಪಠ್ಯಪುಸ್ತಕಗಳು ಹೆಚ್ಚಾಗಿ ಹೇಳದ ಸಂಗತಿಯೊಂದಿದೆ. “ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಅಲುಗಾಡಬೇಡಿ” ಎಂಬ ಮೂರು ಮಾತುಗಳು ರೋಗಿಗೆ ಅರ್ಥವಾಗದಿದ್ದರೆ ಎಷ್ಟು ಬೆಲೆಬಾಳುವ ಯಂತ್ರವೂ ಒಳ್ಳೆಯ ಎದೆಚಿತ್ರವನ್ನು ಕೊಡಲಾರದು. ಜೋಯಿಡೆಯ ಅಜ್ಜಿಗೆ ಕೊಂಕಣಿಯಲ್ಲಿ ಹೇಳಬೇಕು, ಹಳಿಯಾಳದ ಕೆಲವು ಮನೆಗಳವರಿಗೆ ಮರಾಠಿಯಲ್ಲಿ. ದಾಂಡೇಲಿಯ ಕಾರ್ಮಿಕನಿಗೆ ಹಿಂದಿ ಬೇಕಾದೀತು, ಮುಂಡಗೋಡದ ವೃದ್ಧ ಭಿಕ್ಷುವಿಗೆ ಟಿಬೆಟಿನ ನಾಲ್ಕು ಮಾತು. ಕತ್ತಲೆಯ ಕೋಣೆ, ತಣ್ಣನೆಯ ಮೇಜು, ತಲೆಯ ಮೇಲೆ ತೂಗುವ ಯಂತ್ರ ಇವುಗಳನ್ನು ಮೊದಲ ಸಲ ನೋಡಿದವರು ಹೆದರಿ ಉಸಿರನ್ನೇ ಬಿಗಿಹಿಡಿಯುವುದುಂಟು. “ಯಾಕ್ ಹೆದರ್ತೀ ಯವ್ವಾ, ಫೋಟೋ ತಗದಂಗ ಅಷ್ಟ, ನೋವು ಆಗೂದಿಲ್ಲ” ಎಂದು ಮನೆಮಾತಿನಲ್ಲಿ ಹೇಳುವ ಒಬ್ಬ ಹುಡುಗಿ ಅಲ್ಲಿದ್ದರೆ ಚಿತ್ರ ಒಂದೇ ಸಲಕ್ಕೆ ಸರಿಬರುತ್ತದೆ. ಗರ್ಭಿಣಿಯಾಗಿರಬಹುದೇ ಎಂದು ಕಿರಣ ಬಿಡುವ ಮುನ್ನ ಕೇಳುವುದು ಕಡ್ಡಾಯವಾದ ಎಚ್ಚರ. ಅದನ್ನು ಅತ್ತೆಯ ಎದುರಿನಲ್ಲಿ ಸೊಸೆಗೆ ಹೇಗೆ ಕೇಳಬೇಕೆಂಬುದು ಊರಿನ ರೀತಿ ಬಲ್ಲವರಿಗೇ ಗೊತ್ತು.

ಆದುದರಿಂದ ಈ ನಾಲ್ಕು ತಾಲೂಕುಗಳ ಮಕ್ಕಳೇ ಈ ವಿದ್ಯೆ ಕಲಿತು ಇಲ್ಲಿಗೇ ಮರಳುವುದು ಅಭಿಮಾನದ ಮಾತು ಮಾತ್ರವಲ್ಲ, ಶುದ್ಧ ತಾಂತ್ರಿಕ ಅವಶ್ಯಕತೆಯೂ ಹೌದು. ಕುಣಬಿ, ಸಿದ್ದಿ, ಲಂಬಾಣಿ ಮನೆಗಳ ಮಕ್ಕಳು ಬಾಲ್ಯದಿಂದ ಎರಡು ಮೂರು ಭಾಷೆಗಳಲ್ಲಿ ಬೆಳೆಯುತ್ತಾರೆ. ಅದನ್ನು ಕೊರತೆಯೆಂದು ಎಣಿಸುವ ಬದಲು ಈ ವೃತ್ತಿಯ ಬಂಡವಾಳವೆಂದು ಎಣಿಸುವುದು ನ್ಯಾಯ.

ಕ್ಷಯರೋಗದ ವಿಷಯದಲ್ಲಿ ಇದರ ಮಹತ್ತ್ವ ಇನ್ನೂ ಹೆಚ್ಚು. ಇಕ್ಕಟ್ಟಾದ ವಸತಿಗಳಲ್ಲಿ ಈ ರೋಗ ಬೇಗ ಹರಡುತ್ತದೆ. ಭಾರತದ ಟಿಬೆಟಿಯನ್ ನಿರಾಶ್ರಿತರಲ್ಲಿ ಅದರ ಬಾಧೆ ಹೆಚ್ಚೆಂಬುದು ವೈದ್ಯರು ಬಹುಕಾಲದಿಂದ ಗುರುತಿಸಿದ ವಿಷಯ. ಎದೆಯ ಚಿತ್ರ ಕ್ಷಯವನ್ನು ಖಚಿತಪಡಿಸುವುದಿಲ್ಲ. ಅದಕ್ಕೆ ಕಫದ ಪರೀಕ್ಷೆ ಬೇಕು. ಆದರೆ ಕೆಮ್ಮು ಇನ್ನೂ ಕಾಣಿಸಿಕೊಳ್ಳದವರಲ್ಲಿಯೂ ಸಂಶಯದ ನೆರಳನ್ನು ಚಿತ್ರ ತೋರಿಸಬಲ್ಲದು. 2024ರ ಡಿಸೆಂಬರಿನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ನಿರ್ಮೂಲನ ಆಂದೋಲನದಲ್ಲಿ ಕೈಯಲ್ಲಿ ಹಿಡಿದೊಯ್ಯುವ ಕ್ಷ-ಕಿರಣ ಯಂತ್ರಗಳನ್ನು ಬಳಸಿದುದು ಈ ಕಾರಣದಿಂದಲೇ. ಯಂತ್ರವೇ ಹಳ್ಳಿಗೆ ನಡೆದು ಬರುವ ಕಾಲ ಬಂದಿದೆ. ಅದರೊಡನೆ ನಡೆದು ಬರುವವರು ಯಾರು ಎಂಬುದೇ ಉಳಿದ ಪ್ರಶ್ನೆ.

ಭಯ ಮತ್ತು ಎಚ್ಚರ

ಕಾಳಿ ನದಿಯ ಕೆಳದಂಡೆಯ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ಉತ್ಪಾದನೆ ನಡೆದಿದೆ. ಹೀಗಾಗಿ ‘ವಿಕಿರಣ’ ಎಂಬ ಶಬ್ದ ಈ ಸೀಮೆಯವರಿಗೆ ಹೊಸತಲ್ಲ, ಅದರ ಅಂಜಿಕೆಯೂ ಹೊಸತಲ್ಲ. ಅಂಜಿಕೆಗೆ ಮದ್ದು ಅಳತೆ. ವಿಕಿರಣದ ಪರಿಣಾಮವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಸಹಜವಾಗಿಯೇ ಮನುಷ್ಯನೊಬ್ಬನಿಗೆ ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಗಲುತ್ತದೆ. ಸರಿಯಾಗಿ ತೆಗೆದ ಒಂದು ಎದೆಚಿತ್ರದಿಂದ ತಗಲುವುದು 0.1ಕ್ಕಿಂತಲೂ ಕಡಿಮೆ. ಆದರೆ ಎದೆಯ ಸಿ.ಟಿ. ಪರೀಕ್ಷೆಯಲ್ಲಿ ಅದು ಹಲವು ಮಿಲಿಸೀವರ್ಟುಗಳಿಗೆ ಏರಬಹುದು. ಬೇಕಾದಾಗ ಹೆದರಬಾರದು, ಬೇಡವಾದಾಗ ಬಳಸಬಾರದು ಎಂಬುದೇ ಇದರ ಸಾರ.

1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳು ವಿದ್ಯುತ್ ಸ್ಥಾವರಕ್ಕೆ ಅನ್ವಯಿಸುವಂತೆ ಸಣ್ಣ ದವಾಖಾನೆಯ ಕ್ಷ-ಕಿರಣ ಕೋಣೆಗೂ ಅನ್ವಯಿಸುತ್ತವೆ. ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಸಾರ್ವಜನಿಕರಿಗೆ ವರ್ಷಕ್ಕೆ 1. ತಂತ್ರಜ್ಞ ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬಿಲ್ಲೆ ಆತನಿಗೆ ತಗಲಿದ ವಿಕಿರಣವನ್ನು ದಾಖಲಿಸಿಕೊಳ್ಳುತ್ತದೆ. ನಿಯತಕಾಲಕ್ಕೆ ಅದನ್ನು ಪರೀಕ್ಷೆಗೆ ಕಳಿಸಿ ಲೆಕ್ಕವಿಡುತ್ತಾರೆ. ಸೀಸದ ಏಪ್ರನ್ ತೊಟ್ಟಾಗ ಬಿಲ್ಲೆ ಅದರ ಒಳಗಿರಬೇಕು. ಕಾಲ ಕಡಿಮೆ, ದೂರ ಹೆಚ್ಚು, ನಡುವೆ ತಡೆ ಎಂಬ ಮೂರು ಸೂತ್ರಗಳನ್ನು ಪಾಲಿಸುವ ತಂತ್ರಜ್ಞ ಇಡೀ ಜೀವಮಾನ ನಿರಪಾಯವಾಗಿ ದುಡಿಯಬಲ್ಲ. ಡ್ಯಾಲಿಗೆ ತಿಳಿಯದೆ ಹೋದುದು ಇಂದಿನ ವಿದ್ಯಾರ್ಥಿಗೆ ಮೊದಲ ಪಾಠವಾಗಿ ದೊರೆಯುತ್ತದೆ. ಮಗಳನ್ನು ಈ ಶಿಕ್ಷಣಕ್ಕೆ ಕಳಿಸಲು ಹಿಂಜರಿಯುವ ತಂದೆತಾಯಿಗಳಿಗೆ ಇದನ್ನು ತಿಳಿಸಿ ಹೇಳುವುದು ಶಿಕ್ಷಕರ ಹೊಣೆ.

ಅಧ್ಯಯನದ ಹಾದಿ

ಅಮೆರಿಕದಲ್ಲಿ ಈ ಶಿಕ್ಷಣ ಬಹುಮಟ್ಟಿಗೆ ‘ಸಮುದಾಯ ಕಾಲೇಜು’ಗಳಲ್ಲಿ ನಡೆಯುತ್ತದೆ. 1901ರಲ್ಲಿ ಜೋಲಿಯೆಟ್ ನಗರದಲ್ಲಿ ಆರಂಭವಾದ ಕಾಲೇಜು ಈ ಬಗೆಯ ಸಂಸ್ಥೆಗಳ ಹಿರಿಯಕ್ಕ. ಊರ ಮಕ್ಕಳು ಮನೆಯಿಂದಲೇ ಹೋಗಿ, ಕಡಿಮೆ ಶುಲ್ಕದಲ್ಲಿ, ಊರಿಗೆ ಬೇಕಾದ ವೃತ್ತಿಯನ್ನು ಎರಡು ವರ್ಷಗಳಲ್ಲಿ ಕಲಿಯಬೇಕೆಂಬುದು ಅವುಗಳ ಧ್ಯೇಯ. ಅಲ್ಲಿ ಪಾಠ ಕಾಲೇಜಿನಲ್ಲಿ, ಅಭ್ಯಾಸ ನೆರೆಯ ಆಸ್ಪತ್ರೆಯಲ್ಲಿ. ಕೊನೆಗೆ 1922ರಿಂದ ನಡೆದುಬಂದ ರಾಷ್ಟ್ರೀಯ ನೋಂದಣಿ ಸಂಸ್ಥೆಯ ಪರೀಕ್ಷೆ. ಭಾರತದಲ್ಲಿಯೂ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸಮುದಾಯ ಕಾಲೇಜುಗಳ ಯೋಜನೆಯನ್ನು ತಂದಿತು.

ಕರ್ನಾಟಕದಲ್ಲಿ ಸಾಮಾನ್ಯವಾದ ಹಾದಿಗಳು ಎರಡು. ಒಂದು, ಪ್ಯಾರಾಮೆಡಿಕಲ್ ಬೋರ್ಡಿನ ಅಡಿಯಲ್ಲಿ ನಡೆದುಬಂದ ಡಿಪ್ಲೊಮಾ. ಇನ್ನೊಂದು, ಪಿಯುಸಿ ವಿಜ್ಞಾನದ ಅನಂತರ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ವಿಶ್ವವಿದ್ಯಾಲಯಗಳ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಪದವಿ, ಅದರಲ್ಲಿ ಮೂರು ವರ್ಷಗಳ ಪಾಠದ ಬಳಿಕ ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್ ಇರುತ್ತದೆ. 2021ರ ರಾಷ್ಟ್ರೀಯ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯಸೇವೆಯ ಇತರ ಸಹಾಯಕ ವೃತ್ತಿಗಳೊಡನೆ ಸೇರಿಸಿ, ಶಿಕ್ಷಣಕ್ಕೂ ನೋಂದಣಿಗೂ ಆಯೋಗದ ವ್ಯವಸ್ಥೆಯನ್ನು ವಿಧಿಸಿದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕುವುದು ಕ್ಷೇಮ.

ಸಂಸ್ಥೆಯನ್ನು ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಅದಕ್ಕೆ ಮಾನ್ಯತೆ ಇದೆಯೇ? ವಿದ್ಯಾರ್ಥಿ ನಿತ್ಯವೂ ರೋಗಿಗಳನ್ನು ಕಾಣುವಂಥ ಆಸ್ಪತ್ರೆ ಅದರೊಡನೆ ಇದೆಯೇ? ಅಭ್ಯಾಸಕ್ಕೆ ನಿಲ್ಲಿಸುವ ಮೊದಲು ಟಿ.ಎಲ್.ಡಿ. ಬಿಲ್ಲೆ ಕೊಡುತ್ತಾರೆಯೇ? ಕಟ್ಟಡ ಚೆಂದವಾಗಿದ್ದು ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿ ಕಟ್ಟಿದ ಶುಲ್ಕ ವ್ಯರ್ಥ. ಗದ್ದೆ ಅಡವಿಟ್ಟು ಮಗನನ್ನು ಓದಿಸುವ ತಂದೆಗೆ ಈ ಎಚ್ಚರಿಕೆಯನ್ನು ಮೊದಲೇ ಹೇಳದಿದ್ದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಓದಬೇಕಾದ ವಿಷಯಗಳು ಅಪರಿಚಿತವಲ್ಲ. ಶರೀರರಚನೆಯಲ್ಲಿ 206 ಎಲುಬುಗಳು. ಒಂದು ಕೈಯ ಮಣಿಕಟ್ಟು, ಅಂಗೈ, ಬೆರಳುಗಳಲ್ಲಿಯೇ 27. ಭೌತವಿಜ್ಞಾನದಲ್ಲಿ ವಿದ್ಯುತ್ತು, ಕಿರಣಗಳು. ಅನಂತರ ರೋಗಿಯ ನಿಲುವು, ಚಿತ್ರಗ್ರಹಣ, ವಿಕಿರಣ ರಕ್ಷಣೆ, ಸಿ.ಟಿ., ಎಂ.ಆರ್.ಐ. ತತ್ತ್ವಗಳು. ಸೋನೋಗ್ರಫಿಯ ತತ್ತ್ವವೂ ಪಾಠದಲ್ಲಿದೆ; ಆದರೆ 1994ರ ಕಾಯಿದೆಯಂತೆ ಗರ್ಭಸ್ಥ ಶಿಶುವಿನ ಲಿಂಗವನ್ನು ತಿಳಿಸುವುದು ಅಪರಾಧವೆಂಬುದನ್ನೂ, ಆ ಪರೀಕ್ಷೆಯನ್ನು ಅರ್ಹ ವೈದ್ಯರೇ ನಡೆಸಬೇಕೆಂಬುದನ್ನೂ ವಿದ್ಯಾರ್ಥಿ ಮನಗಾಣಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪಾರಿಭಾಷಿಕ ಶಬ್ದಗಳೇ ಮೊದಲ ವರ್ಷದ ದೊಡ್ಡ ಅಡ್ಡಿ. ವಿಷಯ ತಿಳಿದಿದ್ದೂ ಶಬ್ದ ತಿಳಿಯದೆ ಸೋಲುವ ಮಕ್ಕಳಿದ್ದಾರೆ. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿಯೊಂದು ಕನ್ನಡ ಶಬ್ದದ ಪಕ್ಕದಲ್ಲಿ ಇಂಗ್ಲಿಷ್ ಶಬ್ದವನ್ನೂ ಬರೆಯಿಸುವ ಶಿಕ್ಷಕರು ಈ ಅಡ್ಡಿಯನ್ನು ಅರ್ಧಕ್ಕೆ ಇಳಿಸಬಲ್ಲರು.

ಈ ವೃತ್ತಿ ಬೇಗ ಸಿರಿವಂತರನ್ನಾಗಿಸುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಆರಂಭದ ಸಂಬಳ ಸಾಧಾರಣ, ಹಲವೆಡೆ ಗುತ್ತಿಗೆಯ ನೌಕರಿ, ರಾತ್ರಿಪಾಳಿ ತಪ್ಪದು. ಆದರೆ ಕಲಿತವನಿಗೆ ಕೆಲಸದ ಬರವಿಲ್ಲ, ಮಾಡಿದ ಕೆಲಸಕ್ಕೆ ಸಾರ್ಥಕತೆಯ ಬರವೂ ಇಲ್ಲ.

ದಾನದ ರೀತಿ

ಉತ್ತರ ಕರ್ನಾಟಕದಲ್ಲಿ ವಿದ್ಯೆಗೆ ಕೈನೀಡುವ ಪರಂಪರೆ ಹಳೆಯದು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ನಾಡಿನ ಎಲ್ಲ ವೃತ್ತಿಗಳಲ್ಲಿ ಇದ್ದಾರೆ. ಇಂದಿನ ದಾನಿಗಳು ಆಸ್ಪತ್ರೆಗೊಂದು ಯಂತ್ರ ಕೊಡಿಸಲು ಸಂತೋಷದಿಂದ ಮುಂದೆ ಬರುತ್ತಾರೆ. ಯಂತ್ರದ ಮೇಲೆ ಹೆಸರಿನ ಫಲಕವಿರುತ್ತದೆ, ಉದ್ಘಾಟನೆಯ ಭಾವಚಿತ್ರವಿರುತ್ತದೆ. ಅದು ಮೆಚ್ಚತಕ್ಕದ್ದೇ. ಆದರೆ ನಡೆಸುವವರಿಲ್ಲದ ಯಂತ್ರ ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತದೆ; ಅರೆಗಲಿತವರ ಕೈಗೆ ಸಿಕ್ಕ ಯಂತ್ರ ಅದಕ್ಕಿಂತಲೂ ಅಪಾಯ. ಯಂತ್ರ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. ಕಲಿತ ಕೈ ವರ್ಷದಿಂದ ವರ್ಷಕ್ಕೆ ಪಳಗುತ್ತದೆ. ಯಂತ್ರಕ್ಕೆ ಕೊಡುವ ದಾನದ ಒಂದು ಸಣ್ಣ ಪಾಲನ್ನು ಜೋಯಿಡೆಯ ಅಥವಾ ಮುಂಡಗೋಡದ ಒಬ್ಬ ವಿದ್ಯಾರ್ಥಿನಿಯ ಶುಲ್ಕ, ವಸತಿ, ಪುಸ್ತಕಗಳಿಗೆ ಮೀಸಲಿಟ್ಟರೆ ಅದರ ಫಲ ಮೂವತ್ತು ವರ್ಷ ನಡೆಯುತ್ತದೆ. ಆ ದಾನಕ್ಕೆ ಫಲಕ ಹಚ್ಚಲು ಸ್ಥಳವಿಲ್ಲ ಎಂಬುದೊಂದೇ ಅದರ ಕೊರತೆ. ನೊಬೆಲ್ ಬಹುಮಾನದ ಹಣವನ್ನು ವಿದ್ಯಾಸಂಸ್ಥೆಗೆ ಒಪ್ಪಿಸಿದ ರಾಂಟ್‌ಜೆನ್ನರ ನಡತೆ ಇಲ್ಲಿ ನೆನಪಿಗೆ ಬರುವುದು ಸಹಜ.

ಹಳೆಯ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಹುಬ್ಬಳ್ಳಿ, ಧಾರವಾಡಗಳಲ್ಲಿ ನೆಲೆಸಿದವರು, ಹೊಸದಾಗಿ ಬರುವ ಹಳ್ಳಿಯ ಮಕ್ಕಳಿಗೆ ಮೊದಲ ತಿಂಗಳು ಆಸರೆಯಾದರೆ ಎಷ್ಟೋ ಮಂದಿ ಊರಿನ ನೆನಪಾಗಿ ಓದು ಬಿಟ್ಟು ಮರಳುವುದು ತಪ್ಪುತ್ತದೆ. ಆಸ್ಪತ್ರೆಗಳಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಶಾಲೆಗೆ ಬಂದು, ಹೆಸರು ಅಳಿಸಿದ ಹಳೆಯ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮಕ್ಕಳಿಗೆ ತೋರಿಸಬಹುದು. ತಮ್ಮೊಳಗೇ ಇರುವ ಎಲುಬುಗಳನ್ನು ಮೊದಲ ಸಲ ಕಂಡ ಮಕ್ಕಳ ಕಣ್ಣಿನಲ್ಲಿ ಮೂಡುವ ಬೆರಗಿನಿಂದಲೇ ಈ ವಿದ್ಯೆ ಆರಂಭವಾಗುತ್ತದೆ.

ಘಟ್ಟದ ಮೇಲಿನ ಸಣ್ಣ ದವಾಖಾನೆಯೊಂದರಲ್ಲಿ, ದೂರದಿಂದ ಬಂದ ರೋಗಿಗೆ ತನ್ನ ಮಾತಿನಲ್ಲಿಯೇ ಧೈರ್ಯ ಹೇಳಿ, ಒಂದೇ ಸಲಕ್ಕೆ ಸರಿಯಾದ ಚಿತ್ರ ತೆಗೆದು, ಸಂಜೆಯ ಬಸ್ಸಿಗೆ ಆತನನ್ನು ಮನೆಗೆ ಕಳಿಸಿಕೊಡುವ ಒಬ್ಬ ಹುಡುಗಿ ಇರಬೇಕು. ಆಕೆ ಈ ನಾಲ್ಕು ತಾಲೂಕುಗಳ ಯಾವುದೋ ಶಾಲೆಯ ಬೆಂಚಿನ ಮೇಲೆ ಈಗ ಕುಳಿತಿದ್ದಾಳೆ. ಆಕೆಯನ್ನು ಗುರುತಿಸುವುದು ಗುರುಗಳ ಕೆಲಸ, ಕಳಿಸಿ ಓದಿಸುವುದು ಸಮಾಜದ ಕೆಲಸ.